ಜ್ವರ ಬಿಟ್ಟ ಮೇಲೆ ಪರೀಕ್ಷೆ

ಹತ್ತನೇ ತರಗತಿಯ ವರ್ಷ ಕಾಯಿಲೆ ಬಿದ್ದ ವಿದ್ಯಾರ್ಥಿಯ ಮುಂದೆ ಎರಡು ಲೆಕ್ಕ ಒಟ್ಟಿಗೆ ಬಂದು ನಿಲ್ಲುತ್ತವೆ. ಒಂದು ಮೈಯ ಲೆಕ್ಕ, ಇನ್ನೊಂದು ಪರೀಕ್ಷಾ ವೇಳಾಪಟ್ಟಿಯ ಲೆಕ್ಕ. ವೇಳಾಪಟ್ಟಿ ತಿಂಗಳುಗಳ ಮೊದಲೇ ಅಚ್ಚಾಗಿ ಶಾಲೆಯ ಫಲಕಕ್ಕೆ ಬರುತ್ತದೆ. ಮೈ ಯಾವಾಗ ಸುಧಾರಿಸುತ್ತದೆ ಎಂಬುದನ್ನು ವೈದ್ಯರೂ ಅಂದಾಜಿನಲ್ಲಷ್ಟೇ ಹೇಳಬಲ್ಲರು. ಈ ಎರಡೂ ಹೊಂದಿಕೊಳ್ಳದೆ ಹೋದಾಗ ಓದಿನಲ್ಲಿ ಚುರುಕಾದವರೂ ಒಂದು ವರ್ಷ ಕಳೆದುಕೊಳ್ಳುವುದುಂಟು. 2020ರಲ್ಲಿ ವಿಜಯಪುರದ ಇಬ್ರಾಹಿಂಪುರದ ವಿದ್ಯಾರ್ಥಿನಿಯೊಬ್ಬಳು ಟೈಫಾಯ್ಡ್‌ನಿಂದ ಎದ್ದು ಎಸ್ಸೆಸ್ಸೆಲ್ಸಿ ಬರೆದು ಪಾಸಾದದ್ದು ಈ ಎರಡು ಲೆಕ್ಕಗಳು ಅನಿರೀಕ್ಷಿತವಾಗಿ ಕೂಡಿ ಬಂದದ್ದರಿಂದ. ಆ ವರ್ಷದ ನೆನಪನ್ನು ಕ್ರಮವಾಗಿ ಹೇಳಿದರೆ, ಕಾಯಿಲೆಯಿಂದ ಎದ್ದ ಮಕ್ಕಳಿಗೆ ಪರೀಕ್ಷೆ ದಾಟಲು ನಿಜವಾಗಿ ಬೇಕಾಗುವುದು ಏನು ಎಂಬುದೂ ಸ್ಪಷ್ಟವಾಗುತ್ತದೆ.

ಇಬ್ರಾಹಿಂಪುರ ವಿಜಯಪುರ ನಗರದ ಒಂದು ಬಡಾವಣೆ. ಹೊಟಗಿಯಿಂದ ಗದಗಕ್ಕೆ ಹೋಗುವ ರೈಲು ಮಾರ್ಗ ಈ ಭಾಗದಲ್ಲಿ ಹಾದುಹೋಗುತ್ತದೆ. ವಿಜಯಪುರ ನಿಲ್ದಾಣ ದಾಟಿ ಗದಗದ ದಿಕ್ಕಿಗೆ ಹೊರಟರೆ ಸಿಗುವ ಸಣ್ಣ ನಿಲ್ದಾಣಕ್ಕೂ ಇದೇ ಹೆಸರಿದೆ. ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಿ ಹೊಲ ಇಟ್ಟುಕೊಂಡು, ಮಕ್ಕಳ ಓದಿಗಾಗಿ ನಗರದಲ್ಲಿ ಬಾಡಿಗೆ ಮನೆ ಹಿಡಿದ ಕುಟುಂಬಗಳು ಇಂಥ ಬಡಾವಣೆಗಳಲ್ಲಿ ಸಾಕಷ್ಟಿವೆ. ಈ ವಿದ್ಯಾರ್ಥಿನಿಯ ಮನೆಯೂ ಅಂಥದೇ. ಅಪ್ಪ ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ, ಅವ್ವ, ಆಯಿ ಮತ್ತು ಮಕ್ಕಳು ನಗರದಲ್ಲಿ. ತಿಕೋಟಾ ಸೀಮೆಯಲ್ಲಿ ದ್ರಾಕ್ಷಿ ಕಟಾವು ನಡೆಯುವುದು ಜನವರಿಯಿಂದ ಏಪ್ರಿಲ್‌ವರೆಗೆ. ಹಣ್ಣನ್ನು ಹಾಗೆಯೇ ಮಾರದವರು ಆ ಬಿಸಿಲಲ್ಲೇ ನೆರಳು ಪರದೆಯ ಶೆಡ್‌ಗಳಲ್ಲಿ ಒಣದ್ರಾಕ್ಷಿ ಮಾಡುತ್ತಾರೆ. ಹೀಗಾಗಿ ತೋಟದ ಮನೆಗಳಲ್ಲಿ ಪರೀಕ್ಷೆಯ ತಿಂಗಳುಗಳೇ ದುಡಿಮೆಯ ತಿಂಗಳುಗಳೂ ಆಗಿರುತ್ತವೆ. ಮಗಳು ಕಾಯಿಲೆ ಬಿದ್ದಾಗ ಅಪ್ಪ ತೋಟ ಬಿಟ್ಟು ಬರುವುದು ಸುಲಭವಿರಲಿಲ್ಲ. ಆಸ್ಪತ್ರೆ, ಔಷಧಿ, ಶಾಲೆ ಮೂರನ್ನೂ ಅವ್ವನೇ ನೋಡಿಕೊಳ್ಳಬೇಕಾಯಿತು.

ಹತ್ತನೇ ತರಗತಿಯ ವರ್ಷ ಜೂನ್‌ನಲ್ಲಿ ಆರಂಭವಾಗಿ ಮಾರ್ಚ್‌ ಕೊನೆಯ ಪರೀಕ್ಷೆಯ ಕಡೆಗೆ ಹೋಗುತ್ತದೆ. ಆಗ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಆ ವರ್ಷಗಳ ಪದ್ಧತಿಯಲ್ಲಿ ಪ್ರಥಮ ಭಾಷೆಯ 25 ಅಂಕ ಮತ್ತು ಉಳಿದ ವಿಷಯಗಳ ತಲಾ 20 ಅಂಕ ಶಾಲೆಯಲ್ಲೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನದಿಂದ ಬರುತ್ತಿದ್ದವು. ಇವು ವರ್ಷದುದ್ದಕ್ಕೂ ಹಂಚಿಕೆಯಾಗಿರುತ್ತಿದ್ದುದರಿಂದ, ಜೂನ್‌ನಿಂದ ಡಿಸೆಂಬರ್‌ವರೆಗೆ ಸರಿಯಾಗಿ ಶಾಲೆಗೆ ಹೋದವರ ಕೈಯಲ್ಲಿ ಜನವರಿಯ ಹೊತ್ತಿಗೆ ಒಂದಿಷ್ಟು ಆಂತರಿಕ ಅಂಕ ಉಳಿದಿರುತ್ತಿತ್ತು. ನಂತರ ಕಾಯಿಲೆ ಬಂದರೂ ಅದನ್ನು ಯಾರೂ ಕಸಿಯುವಂತಿರಲಿಲ್ಲ. ಈ ವಿದ್ಯಾರ್ಥಿನಿಗೂ ಅದು ಆಧಾರವಾಯಿತು. ಉಳಿದದ್ದೆಲ್ಲ ಬರವಣಿಗೆಯ ಪರೀಕ್ಷೆಯ ಮೇಲೆ ನಿಂತಿತ್ತು.

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ. ಜಾತ್ರೆ ಮುಗಿದು ಊರು ತಿಳಿಯಾಗುವಷ್ಟರಲ್ಲಿ ಹತ್ತನೆಯವರಿಗೆ ವಿಶೇಷ ತರಗತಿ, ಸಂಜೆಯ ಗುಂಪು ಅಧ್ಯಯನ, ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿ ಶುರುವಾಗುತ್ತದೆ. ಜ್ವರ ಬಂದದ್ದು ಆಗ. ಮೊದಲ ದಿನಗಳಲ್ಲಿ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಸಂಜೆ ಮೈ ಬಿಸಿಯಾಗುವುದು, ತಲೆನೋವು, ಬಾಯಿ ರುಚಿ ಇಲ್ಲದಿರುವುದು, ಹೊಟ್ಟೆ ಬಿಗಿದಂತಾಗುವುದು, ಇವನ್ನೆಲ್ಲ ರಾತ್ರಿ ಎಚ್ಚರವಿದ್ದು ಓದಿದ ದಣಿವೆಂದೇ ಮನೆಯವರು ತಿಳಿದರು. ಟೈಫಾಯ್ಡ್ ಸಾಮಾನ್ಯವಾಗಿ ಹೀಗೆಯೇ ಬರುತ್ತದೆ. ರೋಗಾಣು ಹೊಟ್ಟೆ ಸೇರಿ ಒಂದೆರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಕಳೆದ ಮೇಲೆ ಜ್ವರ ಕಾಣಿಸಿಕೊಳ್ಳುತ್ತದೆ. ದಿನದಿಂದ ದಿನಕ್ಕೆ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ. ಮಾತ್ರೆ ನುಂಗಿದರೆ ಕೆಲ ಹೊತ್ತು ಇಳಿದು ಮತ್ತೆ ಮೊದಲಿಗಿಂತ ಹೆಚ್ಚಾಗುತ್ತದೆ.

ಈ ಕಾಯಿಲೆಗೆ ಕಾರಣ ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾ. ರೋಗಿಯ ಅಥವಾ ರೋಗವಾಹಕನ ಮಲದ ಅಂಶ ನೀರಿಗೋ ಆಹಾರಕ್ಕೋ ಸೇರಿ ಅದು ಹರಡುತ್ತದೆ. ಮಳೆ ಕಡಿಮೆ ಬೀಳುವ ವಿಜಯಪುರದಲ್ಲಿ ನೀರಿನ ಪ್ರಶ್ನೆ ಹಳೆಯದು. ಆದಿಲ್‌ಶಾಹಿ ಕಾಲದಲ್ಲಿ ತಾಜ್ ಬಾವಡಿ, ಬೇಗಂ ತಾಲಾಬ್‌ಗಳನ್ನು ಕಟ್ಟಿದ್ದೂ ಈ ಕಾರಣಕ್ಕೆ. ಈಗ ನಗರಕ್ಕೆ ಮುಖ್ಯವಾಗಿ ಕೊಲ್ಹಾರದ ಬಳಿಯಿಂದ ಕೃಷ್ಣಾ ನದಿಯ ನೀರು ಬರುತ್ತದೆ. ನಳಕ್ಕೆ ನೀರು ಬಾರದ ದಿನಗಳಿಗಾಗಿ ಮನೆಮನೆಯಲ್ಲೂ ನೆಲದೊಳಗಿನ ತೊಟ್ಟಿ, ಬ್ಯಾರಲ್, ಕೊಡಗಳಲ್ಲಿ ತುಂಬಿಡುವ ರೂಢಿಯಿದೆ. ಹಲವು ದಿನ ನಿಂತ ನೀರು, ಅದರೊಳಗೆ ಅದ್ದುವ ಕೈ, ಮುಚ್ಚದ ಪಾತ್ರೆ, ಇವು ಸೇರಿದಾಗ ಹೊಟ್ಟೆಯ ಕಾಯಿಲೆಗಳಿಗೆ ದಾರಿಯಾಗುತ್ತದೆ. ನೀರು ಕುದಿಸಿ ಆರಿಸಿ ಕುಡಿಯುವುದು, ಶೌಚದ ನಂತರ ಮತ್ತು ಅಡಿಗೆಗೆ ಮೊದಲು ಸಾಬೂನು ಹಚ್ಚಿ ಕೈ ತೊಳೆಯುವುದು ಈಗಲೂ ಇದಕ್ಕೆ ಮುಖ್ಯ ತಡೆ. ಲಸಿಕೆಯೂ ಇದೆ. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಸಂಯುಕ್ತ ಟೈಫಾಯ್ಡ್ ಲಸಿಕೆಯನ್ನು ಆರು ತಿಂಗಳು ದಾಟಿದ ಕೂಸುಗಳಿಗೂ ಕೊಡಬಹುದು. ಆದರೆ ಬಹಳಷ್ಟು ಮನೆಗಳಿಗೆ ಈ ಲಸಿಕೆಯ ವಿಷಯ ತಿಳಿಯುವುದು ಒಮ್ಮೆ ಕಾಯಿಲೆ ಬಂದ ಮೇಲೆ.

ಜ್ವರ ವಾರ ದಾಟಿದಾಗ ರಕ್ತ ಪರೀಕ್ಷೆ ಮಾಡಿಸಿದರು. ನಮ್ಮ ಊರುಗಳ ಪ್ರಯೋಗಾಲಯಗಳಲ್ಲಿ ಇಂದಿಗೂ ಹೆಚ್ಚಾಗಿ ನಡೆಯುವುದು ವಿಡಾಲ್ ಪರೀಕ್ಷೆ. ಫ್ರಾನ್ಸಿನ ಜಾರ್ಜ್ ಫರ್ನಾಂಡ್ ವಿಡಾಲ್ 1896ರಲ್ಲಿ ಬಳಕೆಗೆ ತಂದ ವಿಧಾನವದು. ಅಗ್ಗ, ಬೇಗ ಮುಗಿಯುತ್ತದೆ, ಆದರೆ ಬೇರೆ ಜ್ವರಗಳಲ್ಲೂ ಕೆಲವೊಮ್ಮೆ ಟೈಫಾಯ್ಡ್ ಎಂದೇ ತೋರಿಸಿಬಿಡುತ್ತದೆ. ರಕ್ತದಲ್ಲಿರುವ ರೋಗಾಣುವನ್ನೇ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹವಾದರೂ ಅದರ ಫಲಿತಾಂಶಕ್ಕೆ ದಿನಗಳು ಬೇಕು. ವೈದ್ಯರು ಎರಡಕ್ಕೂ ರಕ್ತ ಕಳಿಸಿ, ಸಲಾಯಿನ್ ಹಚ್ಚಿ, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರು ಮಾಡಿದರು. ಸರಿಯಾದ ಆಂಟಿಬಯೋಟಿಕ್ ಸಿಕ್ಕರೂ ಜ್ವರ ಇಳಿಯಲು ಸಾಮಾನ್ಯವಾಗಿ ಮೂರರಿಂದ ಐದು ದಿನ ಹಿಡಿಯುತ್ತದೆ. ಔಷಧ ತಾಗುತ್ತಿಲ್ಲ ಎಂದು ಮನೆಯವರು ಗಾಬರಿಯಾಗುವುದು ಈ ದಿನಗಳಲ್ಲೇ. ಇಲ್ಲೂ ಹಾಗೇ ಆಯಿತು. ಆಸ್ಪತ್ರೆಗೆ ಬಂದ ನೆರೆಯವರು ಬೇರೆ ಬೇರೆ ವೈದ್ಯರ ಹೆಸರು ಹೇಳಿದರು. ಅವ್ವ ಯಾರ ಮಾತನ್ನೂ ತಳ್ಳಿಹಾಕದೆ, ಯಾರ ಮಾತನ್ನೂ ಹಿಡಿಯದೆ ಕುಳಿತಳು.

ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಈ ಜ್ವರ ಮೂರು ನಾಲ್ಕು ವಾರ ಇರುತ್ತಿತ್ತು. ಮೂರನೇ ವಾರದಲ್ಲಿ ಕರುಳಿನ ಹುಣ್ಣು ಒಡೆದು ಪ್ರಾಣ ಹೋಗುವ ಭಯವಿತ್ತು. 1948ರಲ್ಲಿ ಕ್ಲೋರಾಂಫೆನಿಕಾಲ್ ಬಂದ ಮೇಲೆ ಚಿತ್ರ ಬದಲಾಯಿತು. ನಂತರ ರೋಗಾಣು ಆ ಔಷಧಕ್ಕೂ ಅದರ ಹಿಂದೆ ಬಂದ ಕೆಲವು ಔಷಧಗಳಿಗೂ ಒಗ್ಗಿಕೊಂಡಿತು. ಹಳೆಯ ತಲೆಮಾರಿಗೆ ಟೈಫಾಯ್ಡ್ ಎಂದರೆ ಇಂದಿಗೂ ಭಯ ಇರುವುದು ಈ ಹಿಂದಿನ ನೆನಪಿನಿಂದ. ಈ ಮನೆಯಲ್ಲಿ ಆಯಿಯ ಮಾತು ಒಂದೇ ಆಗಿತ್ತು: “ವರ್ಷ ಹೋದ್ರ ಹೋಗಲಿ, ಕೂಸು ಉಳೀಲಿ.” ತೋಟದಿಂದ ಬಂದ ಅಪ್ಪನ ಮಾತು ಬೇರೆ: “ಫಾರ್ಮ್ ತುಂಬೀವಿ. ಹೋಗಿ ಕುಂತು ಬರಲಿ, ಆದಷ್ಟು ಆಗಲಿ.” ಎರಡು ಮಾತಿನಲ್ಲೂ ಅರ್ಥವಿತ್ತು. ಹಾಸಿಗೆಯಲ್ಲಿದ್ದವಳನ್ನು ಆಗ ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರ ಹೇಳುವ ಶಕ್ತಿ ಇರಲಿಲ್ಲ ಎಂಬುದು ಅವಳ ನೆನಪು.

ಜ್ವರ ಬಿಟ್ಟ ದಿನವನ್ನು ಮನೆಯವರು ಕಾಯಿಲೆಯ ಕೊನೆ ಎಂದು ಎಣಿಸುತ್ತಾರೆ. ವಿದ್ಯಾರ್ಥಿಯ ಮಟ್ಟಿಗೆ ಕಷ್ಟದ ಭಾಗ ಆರಂಭವಾಗುವುದು ಅಲ್ಲಿಂದ. ಟೈಫಾಯ್ಡ್ ಮೈಯ ಮಾಂಸ ಕರಗಿಸಿರುತ್ತದೆ. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ, ನಾಲ್ಕು ಹೆಜ್ಜೆಗೆ ಕಾಲು ನಡುಗುತ್ತವೆ. ಕರುಳು ಇನ್ನೂ ಮೆತ್ತಗಿರುವುದರಿಂದ ಖಾರ, ಕರಿದ ತಿನಿಸು ಕೊಡುವಂತಿಲ್ಲ. ಜೋಳದ ರೊಟ್ಟಿ, ಖಾರದ ಪಲ್ಯದ ಮನೆಯಲ್ಲಿ ಅವಳಿಗೆ ಮಾತ್ರ ಅಕ್ಕಿ ಗಂಜಿ, ಹೆಸರುಬೇಳೆಯ ತಿಳಿ ಕಟ್ಟು. ಮುಂದೆ ಜೋಳದ ನುಚ್ಚು, ಮಜ್ಜಿಗೆ. ಹಸಿವು ತಿರುಗಿದ ಮೇಲೆ ಮೆತ್ತಗಿನ ಕಿಚಡಿ. ಜ್ವರ ಬಿಟ್ಟ ಎರಡು ಮೂರು ವಾರದೊಳಗೆ ಕೆಲವರಲ್ಲಿ ಅದು ಮರುಕಳಿಸುವುದುಂಟು, ಆದ್ದರಿಂದ ಮಾತ್ರೆಯ ಕೋರ್ಸ್ ಪೂರ್ತಿ ಮುಗಿಸಲೇಬೇಕು ಎಂದು ವೈದ್ಯರು ಹೇಳಿದ್ದರು. ಚೇತರಿಕೆಯ ಈ ವಾರಗಳಲ್ಲಿ ಓದುವುದು ಎಂದರೆ ಪುಸ್ತಕ ತೆರೆದು ಒಂದು ಪುಟದ ಮೇಲೆ ಕಣ್ಣಾಡಿಸುವುದಷ್ಟೇ. ಓದಿದ್ದು ನಿಲ್ಲುತ್ತಿರಲಿಲ್ಲ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಅದರ ಆರಂಭ ಮರೆತುಹೋಗುತ್ತಿತ್ತು. ಅವಳನ್ನು ಹೆಚ್ಚು ಹೆದರಿಸಿದ್ದು ಜ್ವರವಲ್ಲ, ಇದು. ತಲೆಯೇ ಕೆಟ್ಟುಹೋಯಿತೇನೋ ಎಂಬ ಅನುಮಾನವನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ದೀರ್ಘ ಜ್ವರದ ನಂತರ ಗಮನ ಮತ್ತು ನೆನಪು ಮಂದವಾಗುವುದು ಸಾಮಾನ್ಯ, ಊಟ ನಿದ್ದೆ ಸರಿಹೋದಂತೆ ಅವೂ ತಿರುಗುತ್ತವೆ ಎಂದು ಒಬ್ಬರಾದರೂ ಹೇಳಿದ್ದರೆ ಆ ಭಯ ಅರ್ಧಕ್ಕೆ ಇಳಿಯುತ್ತಿತ್ತು.

ಶಾಲೆಯ ಕಡೆ ಕೆಲಸ ಬೇರೆಯೇ ಇತ್ತು. ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಾತಿ ಬೇಕು. ಕಾಯಿಲೆಯಿಂದ ಕೊರತೆ ಬಿದ್ದರೆ ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ಮನ್ನಾ ಕೇಳಬೇಕಾಗುತ್ತದೆ. ಆದ್ದರಿಂದ ಆಸ್ಪತ್ರೆಯ ಬಿಡುಗಡೆ ಚೀಟಿ, ರಕ್ತ ಪರೀಕ್ಷೆಯ ವರದಿ, ಔಷಧದ ಚೀಟಿಗಳನ್ನು ಒಂದು ಕಡೆ ಜೋಡಿಸಿಡುವುದು ಔಷಧಿ ಕೊಡಿಸಿದಷ್ಟೇ ಮುಖ್ಯವಾದ ಕೆಲಸ. ಎಷ್ಟೋ ಮನೆಗಳಲ್ಲಿ ಈ ಕಾಗದಗಳು ಕಳೆದುಹೋಗುತ್ತವೆ. ಈ ವಿದ್ಯಾರ್ಥಿನಿ ಜೂನ್‌ನಿಂದ ತಪ್ಪದೆ ಶಾಲೆಗೆ ಹೋಗಿದ್ದಳು. ಆದ್ದರಿಂದ ಹಾಜರಾತಿ ಕೆಳಗಿಳಿದರೂ ಅಪಾಯದ ಗೆರೆ ಮುಟ್ಟಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆ ಮಾತ್ರ ಪೂರ್ತಿ ತಪ್ಪಿತು. ಅದರ ಅಂಕಕ್ಕೆ ಬೆಲೆಯಿಲ್ಲದಿದ್ದರೂ ಅದೊಂದು ತಾಲೀಮು. ಮೂರು ಗಂಟೆ ಒಂದೇ ಕಡೆ ಕುಳಿತು ಬರೆಯುವ ಅಭ್ಯಾಸ, ಯಾವ ಪ್ರಶ್ನೆಗೆ ಎಷ್ಟು ಹೊತ್ತು ಎಂಬ ಅಂದಾಜು ಅಲ್ಲಿ ಸಿಗುತ್ತದೆ. ಜೊತೆಯವರು ಆ ತಾಲೀಮು ಮುಗಿಸುತ್ತಿದ್ದಾಗ ಇವಳು ಮನೆಯಲ್ಲಿ ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದಳು.

ಫೆಬ್ರವರಿಯ ಕೊನೆಯಲ್ಲಿ ಶಿಕ್ಷಕರೊಬ್ಬರು ಮನೆಗೆ ಬಂದರು. ಪರೀಕ್ಷೆ ಹತ್ತಿರವಾದಾಗ ಹತ್ತನೆಯ ಮಕ್ಕಳ ಮನೆ ಭೇಟಿ ಮಾಡುವುದು ಈ ಭಾಗದ ಶಾಲೆಗಳಲ್ಲಿ ರೂಢಿ. ಅವರು ತಂದದ್ದು ಶಿಕ್ಷಕರ ಬಾಯಲ್ಲಿ ಪಾಸಿಂಗ್ ಪ್ಯಾಕೇಜ್ ಎಂದು ಕರೆಸಿಕೊಳ್ಳುವ ಕೆಲವು ಹಾಳೆಗಳು. ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ, ಖಚಿತವಾಗಿ ಅಂಕ ತರುವ ಭಾಗಗಳನ್ನಷ್ಟೇ ಆರಿಸಿ ಮಾಡಿದ ಸಂಗ್ರಹ ಅದು. ಗಣಿತದಲ್ಲಿ ಥೇಲ್ಸ್ ಮತ್ತು ಪೈಥಾಗೊರಸ್ ಪ್ರಮೇಯಗಳ ಸಾಧನೆ, ರೇಖಾತ್ಮಕ ಸಮೀಕರಣಗಳ ನಕ್ಷೆ, ವೃತ್ತಕ್ಕೆ ಸ್ಪರ್ಶಕ ಎಳೆಯುವ ರಚನೆ. ವಿಜ್ಞಾನದಲ್ಲಿ ಹೃದಯದ ಚಿತ್ರ, ವಿದ್ಯುತ್ ಮೋಟಾರಿನ ಚಿತ್ರ, ಮಸೂರದ ಕಿರಣ ಚಿತ್ರ. ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವುದು. ವಾಸ್ತವದಲ್ಲಿ ಇದು ಓದಿನಲ್ಲಿ ಹಿಂದೆ ಬಿದ್ದವರಿಗಾಗಿ ಮಾಡಿದ್ದು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದವಳ ಕೈಗೆ ಅದು ಬಂದಾಗ ಅವಮಾನವೆನಿಸಿತು. ಆದರೆ ಕಾಯಿಲೆಯಿಂದ ಎದ್ದವರಿಗೆ ಅದರಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ. ಇರುವ ಅಲ್ಪ ಶಕ್ತಿಯನ್ನು ಎಲ್ಲಿ ಹಾಕಬೇಕು ಎಂಬುದನ್ನು ಅದು ಹೇಳುತ್ತದೆ.

2020ರ ಪರೀಕ್ಷೆ ಮಾರ್ಚ್ 27ರಂದು ಆರಂಭವಾಗಬೇಕಿತ್ತು. ಮಾರ್ಚ್ ಎರಡನೇ ವಾರದ ಹೊತ್ತಿಗೂ ಅವಳಿಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬರೆಯಲಾಗುತ್ತಿರಲಿಲ್ಲ. ಬೆರಳು ಸೋಲುತ್ತಿದ್ದವು, ಅಕ್ಷರ ಸಾಲು ಬಿಟ್ಟು ಇಳಿಯುತ್ತಿತ್ತು. ಅಂಗವೈಕಲ್ಯವಿರುವವರಿಗೆ, ಪರೀಕ್ಷೆಯ ಮುನ್ನ ಕೈ ಮುರಿದುಕೊಂಡವರಿಗೆ ಲಿಪಿಕಾರರ ಸೌಲಭ್ಯವಿದೆ. ಜ್ವರದಿಂದ ಸೋತ ಕೈಯನ್ನು ಆ ಲೆಕ್ಕಕ್ಕೆ ತರುವುದು ಕಷ್ಟ. ಮನೆಯವರ ಮುಂದೆ ಎರಡು ದಾರಿ ಇದ್ದವು. ಬಂದಷ್ಟು ಬರೆದು ಬರುವುದು, ಇಲ್ಲವೇ ಈ ಸಲ ಬಿಟ್ಟು ಪೂರಕ ಪರೀಕ್ಷೆಗೆ ಕೂರುವುದು. ಪೂರಕ ಪರೀಕ್ಷೆಯಲ್ಲಿ ಪಾಸಾದರೆ ಅದೇ ವರ್ಷ ಪಿಯುಸಿ ಸೇರಬಹುದಿತ್ತು, ಆದರೆ ಅಷ್ಟರಲ್ಲಿ ಬೇಕಾದ ಕಾಲೇಜಿನ ಸೀಟು ಮುಗಿದಿರುತ್ತಿತ್ತು. ಊರಿನಲ್ಲಿ ಪೂರಕ ಎಂಬ ಮಾತಿಗೆ ಫೇಲ್ ಎಂಬ ಅರ್ಥವೇ ಇತ್ತು. ಕಾಯಿಲೆಯವರೂ ಓದದವರೂ ಆ ಮಾತಿನಲ್ಲಿ ಒಂದೇ.

ಕೊರೊನಾ ಸೋಂಕಿನ ಕಾರಣ ಪರೀಕ್ಷೆಗೆ ವಾರವೂ ಇಲ್ಲದಿರುವಾಗ ಸರ್ಕಾರ ಅದನ್ನು ಮುಂದೂಡಿತು. ಹಿಂದೆಯೇ ದೇಶವೆಲ್ಲ ಲಾಕ್‌ಡೌನ್. ಪ್ರಯಾಣಿಕರ ರೈಲುಗಳು ನಿಂತವು. ಹಳಿಯ ಪಕ್ಕದ ಬಡಾವಣೆಗೆ ಅದು ಮೊದಲು ತಿಳಿದದ್ದು ಕಿವಿಯಿಂದ. ಏಪ್ರಿಲ್ ಮಧ್ಯದ ಹೊತ್ತಿಗೆ ವಿಜಯಪುರ ನಗರದಲ್ಲೂ ಸೋಂಕು ಕಾಣಿಸಿಕೊಂಡು ಹಳೆಯ ಊರಿನ ಗಲ್ಲಿಗಳಿಗೆ ತಡೆ ಬಿತ್ತು. ದ್ರಾಕ್ಷಿ ಬೆಳೆದವರಿಗೆ ಅದು ಹೊಡೆತದ ಕಾಲ. ಲಾರಿ ಸಿಗದೆ, ಕೊಳ್ಳುವವರಿಲ್ಲದೆ, ಹಣ್ಣಿನ ಆಸೆ ಬಿಟ್ಟು ಬಹಳ ಜನ ಒಣದ್ರಾಕ್ಷಿಗೆ ಇಳಿದರು. ಅಪ್ಪ ತೋಟದಲ್ಲೇ ಉಳಿದ. ಲಕ್ಷಾಂತರ ಮಕ್ಕಳಿಗೆ ಆ ಮುಂದೂಡಿಕೆ ಓದಿನ ಹದ ಕೆಡಿಸಿತು. ಪರೀಕ್ಷೆ ನಡೆಯುತ್ತದೋ ಇಲ್ಲವೋ ಎಂಬ ಅನಿಶ್ಚಯವೇ ಅವರಿಗೆ ಭಾರವಾಯಿತು. ಕಾಯಿಲೆಯಿಂದ ಆಗಷ್ಟೇ ಎದ್ದವಳಿಗೆ ಮಾತ್ರ, ಯಾವ ಅರ್ಜಿಯಿಂದಲೂ ಸಿಗದಿದ್ದ ಒಂದು ವಸ್ತು ಅದರಿಂದ ಸಿಕ್ಕಿತು, ಅದು ಬಿಡುವು.

ಆ ಬಿಡುವಿನಲ್ಲಿ ಚೇತರಿಕೆ ಒಂದು ಕ್ರಮದಲ್ಲಿ ನಡೆಯಿತು. ಮೊದಲು ತಿರುಗಿದ್ದು ಹಸಿವು. ಏಪ್ರಿಲ್‌ನಲ್ಲಿ ರೊಟ್ಟಿ ತಟ್ಟೆಗೆ ಬಂತು. ಆಮೇಲೆ ನಿದ್ದೆ ಸರಿಹೋಯಿತು. ಅದರ ಹಿಂದೆ ಗಮನ ಬಂತು. ಒಂದು ಪ್ಯಾರಾ, ಆಮೇಲೆ ಒಂದು ಪುಟ, ಆಮೇಲೆ ಒಂದು ಪಾಠ. ಕೊನೆಗೆ ತಿರುಗಿದ್ದು ಕೈ. ಓದಲು ಬರುವಂತಾದ ಮೇಲೂ ಬಹಳ ದಿನ ಬರೆಯಲು ಆಗುತ್ತಿರಲಿಲ್ಲ. ಹಾಗಾಗಿ ದಿನವೂ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಉತ್ತರ ಬರೆದು ಕೈ ಪಳಗಿಸಬೇಕಾಯಿತು. ಈ ಕ್ರಮವನ್ನು ಯಾರೂ ಯೋಜಿಸಿರಲಿಲ್ಲ. ಮೈ ತಾನೇ ಗೊತ್ತುಮಾಡಿತು. ಮಾರ್ಚ್‌ನಲ್ಲಿ ಇದನ್ನು ತಲೆಕೆಳಗು ಮಾಡಿ, ಹಸಿವಿಲ್ಲದ ಹೊಟ್ಟೆಯಲ್ಲಿ ರಾತ್ರಿ ಎಚ್ಚರವಿದ್ದು ಬಾಯಿಪಾಠ ಮಾಡಲು ಯತ್ನಿಸಿದ್ದು ಫಲ ಕೊಟ್ಟಿರಲಿಲ್ಲ.

ಮೇ ತಿಂಗಳಲ್ಲಿ ತಲೆಗೂದಲು ಉದುರತೊಡಗಿತು. ಬಾಚಣಿಗೆಗೆ ಕಟ್ಟುಕಟ್ಟಾಗಿ ಬರುವುದನ್ನು ಕಂಡು ಕಾಯಿಲೆ ಮರಳಿತೆಂದು ಮನೆಯವರು ಹೆದರಿದರು. ದೊಡ್ಡ ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಹೀಗೆ ಕೂದಲು ಉದುರುವುದು ಸಹಜ. ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ, ಔಷಧಿ ಬೇಕಿಲ್ಲ. ಪರೀಕ್ಷೆಗಿಂತ ಹೆಚ್ಚಾಗಿ, ತೆಳುವಾದ ಜಡೆ ಕಂಡು ಗೆಳತಿಯರು ಏನೆನ್ನುತ್ತಾರೋ ಎಂಬ ಚಿಂತೆ ಆ ತಿಂಗಳು ಕಾಡಿತು. ಹದಿನಾರರ ವಯಸ್ಸಿನ ನೆನಪಿನಲ್ಲಿ ಇಂಥದ್ದಕ್ಕೆ ಅಂಕಪಟ್ಟಿಗಿಂತ ದೊಡ್ಡ ಜಾಗವಿರುತ್ತದೆ.

ಓದಿಗೆ ಆಸರೆಯಾದದ್ದು ಟಿವಿ. ಏಪ್ರಿಲ್ ಕೊನೆಯಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಹತ್ತನೆಯವರಿಗಾಗಿ ಪುನರ್ಮನನ ತರಗತಿಗಳು ಬಂದವು. ಶಾಲೆಗೆ ಹೋಗಿ ಬರುವ ದಣಿವಿಲ್ಲದೆ, ಬೇಕಾದರೆ ಒರಗಿಕೊಂಡು ಪಾಠ ಕೇಳುವ ಅವಕಾಶ ಅದು. ಜನವರಿ, ಫೆಬ್ರವರಿಯಲ್ಲಿ ತಪ್ಪಿದ ಪಾಠಗಳೂ ಅಲ್ಲಿ ಸಿಕ್ಕವು. ಸ್ಮಾರ್ಟ್‌ಫೋನ್ ಇದ್ದ ಗೆಳತಿಯರ ಮನೆಗಳಿಂದ ನೋಟ್ಸಿನ ಫೋಟೋ ಬಂದವು. ಆದರೆ ಪರದೆಯ ಮೇಲೆ ಓದಿದರೆ ತಲೆನೋವು ಬರುತ್ತಿದ್ದುದರಿಂದ ಅಣ್ಣ ಅವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಕೇಳಿ ಬರೆಯುವುದು, ಬರೆದುದನ್ನು ಪುಸ್ತಕಕ್ಕೆ ಹೋಲಿಸಿ ತಿದ್ದುವುದು ಅವಳ ರೀತಿಯಾಯಿತು. ಬಿಸಿಲು 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ನಸುಕಿನ ಹೊತ್ತು ಮತ್ತು ದೀಪ ಹಚ್ಚಿದ ಮೇಲಿನ ಹೊತ್ತನ್ನು ಓದಿಗೆ ಇಟ್ಟುಕೊಂಡು, ಮಧ್ಯಾಹ್ನವನ್ನು ಮಲಗಲು ಬಿಟ್ಟಳು. ಚೇತರಿಸಿಕೊಳ್ಳುವವರಿಗೆ ಮಧ್ಯಾಹ್ನದ ನಿದ್ದೆ ಸೋಮಾರಿತನವಲ್ಲ, ಸಂಜೆಯ ಓದು ನಿಲ್ಲುವುದು ಅದರ ಮೇಲೆ.

ಪರೀಕ್ಷೆ ಜೂನ್ 25ರಿಂದ ಜುಲೈ 3ರವರೆಗೆ ನಡೆಯಿತು. ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಹೆಸರು ನೋಂದಾಯಿಸಿದ್ದರು. ಸೋಂಕಿನ ನಡುವೆ ಪರೀಕ್ಷೆ ಬೇಡವೆಂಬ ವಾದ ಜೋರಾಗಿತ್ತು. ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ನಡೆಸುವ ನಿಲುವಿನಲ್ಲೇ ಇದ್ದರು. ಕೇಂದ್ರದ ಬಾಗಿಲಲ್ಲಿ ಹಣೆಗೆ ಥರ್ಮಲ್ ಸ್ಕ್ಯಾನರ್ ಹಿಡಿಯುತ್ತಿದ್ದರು. ಒಳಗೆ ಅಂತರ ಬಿಟ್ಟು ಆಸನ, ಮುಖಕ್ಕೆ ಮಾಸ್ಕ್. ಕುಡಿಯುವ ನೀರನ್ನು ಮನೆಯಿಂದ ತರಬೇಕು. ಜ್ವರ, ಕೆಮ್ಮು ಇದ್ದವರಿಗೆ ಬೇರೆ ಕೊಠಡಿ. ಕಾಯಿಲೆಯಿಂದ ಅಥವಾ ನಿರ್ಬಂಧಿತ ಪ್ರದೇಶದಲ್ಲಿ ಸಿಲುಕಿದ್ದರಿಂದ ಬರಲಾಗದವರು ಮುಂದಿನ ಪೂರಕ ಪರೀಕ್ಷೆಯನ್ನು ಹೊಸ ಅಭ್ಯರ್ಥಿಗಳಾಗಿಯೇ ಬರೆಯಬಹುದು, ಗೈರುಹಾಜರಿ ಲೆಕ್ಕಕ್ಕಿಲ್ಲ ಎಂದು ಇಲಾಖೆ ಮೊದಲೇ ಹೇಳಿತ್ತು. ಕಾಯಿಲೆ ಬಿದ್ದು ತಪ್ಪಿಸಿಕೊಂಡದ್ದು ಫೇಲಾದದ್ದಕ್ಕೆ ಸಮವಲ್ಲ ಎಂಬುದನ್ನು ಆ ಮಾತು ಎಲ್ಲರೆದುರು ಒಪ್ಪಿಕೊಂಡಿತು.

ಜ್ವರದಿಂದ ಎದ್ದವಳಿಗೆ ಆ ಸ್ಕ್ಯಾನರ್ ಪ್ರಶ್ನೆಪತ್ರಿಕೆಗಿಂತ ದೊಡ್ಡ ಪರೀಕ್ಷೆಯಾಗಿತ್ತು. ಹಿಂದಿನ ವಾರವೆಲ್ಲ ಅವ್ವ ಹಗಲಿಗೆ ಹಲವು ಸಲ ಹಣೆ ಮುಟ್ಟಿ ನೋಡುತ್ತಿದ್ದಳು. ಬಿಸಿಲಲ್ಲಿ ನಡೆದು ಹೋದರೆ ಮೈ ಬಿಸಿಯಾಗಿ ತೋರೀತೆಂದು ಮೊದಲ ದಿನ ಬೇಗನೆ ಹೊರಟು ಕೇಂದ್ರದ ಹತ್ತಿರದ ನೆರಳಲ್ಲಿ ಕುಳಿತರು. ಮೊದಲ ಪತ್ರಿಕೆ ಇಂಗ್ಲಿಷ್. ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಡುವ 15 ನಿಮಿಷವನ್ನು ಅವಳು ಉಸಿರು ಸರಿಮಾಡಿಕೊಳ್ಳಲು ಮತ್ತು ಬರೆಯುವ ಕ್ರಮ ಗುರುತು ಮಾಡಿಕೊಳ್ಳಲು ಬಳಸಿದಳು. ದೀರ್ಘ ಉತ್ತರಗಳನ್ನು ಕೈಯಲ್ಲಿ ಬಲವಿರುವಾಗಲೇ ಬರೆದು, ಒಂದಂಕದ ಪ್ರಶ್ನೆಗಳನ್ನು ಕೊನೆಗೆ ಇಟ್ಟುಕೊಂಡಳು. ಸಾಮಾನ್ಯವಾಗಿ ಶಿಕ್ಷಕರು ಹೇಳುವ ಕ್ರಮಕ್ಕೆ ಇದು ಉಲ್ಟಾ, ಆದರೆ ಕೈ ಸೋಲುವವರಿಗೆ ಇದೇ ಸರಿ.

ಇಂಗ್ಲಿಷ್ ಆದ ಮೇಲೆ 27ಕ್ಕೆ ಗಣಿತ, 29ಕ್ಕೆ ವಿಜ್ಞಾನ. ಈ ಮೂರರ ನಡುವೆ ಒಂದೊಂದು ದಿನ ಬಿಡುವಿತ್ತು. ಜುಲೈ 1ಕ್ಕೆ ಸಮಾಜ ವಿಜ್ಞಾನ, 2ಕ್ಕೆ ಕನ್ನಡ, 3ಕ್ಕೆ ಹಿಂದಿ, ಒಂದರ ಹಿಂದೆ ಒಂದು. ಗಟ್ಟಿಮುಟ್ಟಾದವರಿಗೆ ಭಾಷೆಯ ಪತ್ರಿಕೆಗಳು ಸುಲಭದವು. ಅವಳಿಗೆ ಆ ಕೊನೆಯ ಮೂರು ದಿನವೇ ಕಷ್ಟದವು. ಸಮಾಜ ವಿಜ್ಞಾನದಲ್ಲಿ ಬರೆಯುವುದು ಹೆಚ್ಚು. ಅದರ ಮರುದಿನವೇ 100 ಅಂಕದ ಕನ್ನಡ. ಬೆರಳಿನ ಗಂಟು ನೋಯುತ್ತಿದ್ದವು, ಮಾಸ್ಕಿನೊಳಗೆ ಬೆವರು ಇಳಿಯುತ್ತಿತ್ತು. ಕನ್ನಡದ ಪ್ರಬಂಧ ಅವಳಿಗೆ ಇಷ್ಟದ ಭಾಗ. ಅಂದು ಮಾತ್ರ ಅದನ್ನು ಚಿಕ್ಕದಾಗಿ ಮುಗಿಸಿ ಕೈಗೆ ವಿಶ್ರಾಂತಿ ಕೊಟ್ಟಳು. ಬರೆಯಬಲ್ಲದ್ದನ್ನು ಬಿಟ್ಟು ಬಂದ ಆ ಬೇಸರ ಅಂಕ ಬಂದ ಮೇಲೂ ಉಳಿಯಿತು.

ಫಲಿತಾಂಶ ಆಗಸ್ಟ್ 10ರಂದು ಬಂತು. ರಾಜ್ಯದ ಒಟ್ಟು ಫಲಿತಾಂಶ ಶೇ 71.80. ಅವಳು ಎಲ್ಲ ವಿಷಯಗಳಲ್ಲೂ ಪಾಸಾಗಿದ್ದಳು. ಡಿಸೆಂಬರ್‌ವರೆಗಿನ ಓದಿನ ಮೇಲೆ ಶಿಕ್ಷಕರು ಇಟ್ಟಿದ್ದ ನಿರೀಕ್ಷೆಗಿಂತ ಅಂಕ ಕಡಿಮೆ ಇತ್ತು, ಮಾರ್ಚ್‌ನಲ್ಲಿ ಬರೆದಿದ್ದರೆ ಬರಬಹುದಾಗಿದ್ದಕ್ಕಿಂತ ಬಹಳ ಹೆಚ್ಚು. ಗಣಿತ, ವಿಜ್ಞಾನಗಳಲ್ಲಿ ಪಾಸಿಂಗ್ ಪ್ಯಾಕೇಜ್ ಹಾಳೆಗಳ ಪ್ರಮೇಯ ಮತ್ತು ಚಿತ್ರಗಳು ಕೈಹಿಡಿದಿದ್ದವು. ನೆಂಟರು ಇದನ್ನು ದೈವದ ಕೃಪೆ ಎಂದರು, ಶಾಲೆಯವರು ಛಲ ಎಂದರು. ಛಲವಿತ್ತು ನಿಜ. ಆದರೆ ಅದೇ ಛಲ ಮಾರ್ಚ್‌ನಲ್ಲೂ ಇತ್ತು. ಆಗ ಇಲ್ಲದಿದ್ದದ್ದು ಸಮಯ.

ಆ ವರ್ಷದ ಅವಕಾಶ ಆಕಸ್ಮಿಕ. ಮುಂದಿನ ವರ್ಷ ಸೋಂಕು ಇನ್ನೂ ಜೋರಾದಾಗ ಪರೀಕ್ಷೆಯ ಸ್ವರೂಪವನ್ನೇ ಬದಲಿಸಿದರು. 2021ರ ಜುಲೈ 19 ಮತ್ತು 22, ಎರಡೇ ದಿನ, ದಿನಕ್ಕೆ ಮೂರು ವಿಷಯ, ತಲಾ 40 ಅಂಕ, ಓಎಂಆರ್ ಹಾಳೆಯಲ್ಲಿ ಸರಿ ಉತ್ತರ ಗುರುತಿಸುವುದು. ಸೋಂಕಿತ ಮಕ್ಕಳಿಗೆ ಕೋವಿಡ್ ಆರೈಕೆ ಕೇಂದ್ರದಲ್ಲೇ ಬರೆಯುವ ವ್ಯವಸ್ಥೆಯಿತ್ತು. ಪರೀಕ್ಷೆ ಕಾಯಿಲೆಯವರ ಬಳಿಗೆ ಹೋಗಬಲ್ಲದು, ಕಡಿಮೆ ಬರವಣಿಗೆಯಲ್ಲೂ ನಡೆಯಬಲ್ಲದು ಎಂಬುದಕ್ಕೆ ಅದು ಉದಾಹರಣೆ. 2022ರಿಂದ ಹಳೆಯ ರೀತಿ ಮರಳಿತು.

ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ ಬೇರೆ ದೇಶಗಳಲ್ಲಿ ಬೇರೆ ಬೇರೆ ದಾರಿಗಳಿವೆ. ಇಂಗ್ಲೆಂಡಿನಲ್ಲಿ ಪರೀಕ್ಷೆಯ ಹೊತ್ತಿಗೆ ಕಾಯಿಲೆಯಲ್ಲಿದ್ದ ವಿದ್ಯಾರ್ಥಿಗೆ ಶಾಲೆಯ ಕೋರಿಕೆಯ ಮೇಲೆ ಅಂಕಗಳಲ್ಲಿ ಸಣ್ಣ ಹೊಂದಾಣಿಕೆ ಮಾಡುತ್ತಾರೆ. ಅದರ ಮಿತಿ ಶೇ 5. ಕರ್ನಾಟಕ ಆರಿಸಿಕೊಂಡದ್ದು ಅಂಕ ಕೊಡುವ ದಾರಿಯಲ್ಲ, ಅವಕಾಶ ಹೆಚ್ಚಿಸುವ ದಾರಿ. ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಮತ್ತು ಪದವಿಪೂರ್ವ ಪರೀಕ್ಷಾ ವ್ಯವಸ್ಥೆ ಸೇರಿ ಆದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ 2023–24ರಲ್ಲಿ ಪೂರಕ ಪರೀಕ್ಷೆಯ ಹೆಸರು ತೆಗೆದು, ವರ್ಷಕ್ಕೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಮೂರು ಅವಕಾಶ ಮಾಡಿತು. 2024ರ ಪರೀಕ್ಷೆ-1 ಮಾರ್ಚ್ 25ರಂದು ಆರಂಭವಾಯಿತು. ಉಳಿದೆರಡು ಅದೇ ವರ್ಷದ ಮುಂದಿನ ತಿಂಗಳುಗಳಲ್ಲಿ ನಡೆದವು. ಒಂದಕ್ಕಿಂತ ಹೆಚ್ಚು ಸಲ ಬರೆದವರಿಗೆ ಉತ್ತಮ ಅಂಕವೇ ಉಳಿಯುತ್ತದೆ.

ಕಾಯಿಲೆಯಿಂದ ಎದ್ದವರಿಗೆ ಈ ಏರ್ಪಾಟಿನಿಂದ ಆಗುವ ಲಾಭ ನೇರವಾದದ್ದು. ಮಾರ್ಚ್‌ನಲ್ಲಿ ಕೈಲಾದ ಎರಡು ಮೂರು ವಿಷಯ ಬರೆದು, ಉಳಿದವನ್ನು ಚೇತರಿಸಿಕೊಂಡ ಮೇಲೆ ಬರೆಯಬಹುದು. ಲಾಕ್‌ಡೌನ್ ಆಕಸ್ಮಿಕವಾಗಿ ಕೊಟ್ಟ ಬಿಡುವು ಈಗ ನಿಯಮದೊಳಗೆ ಸೇರಿದೆ. ಆದರೂ ಕೆಲವು ಕೆಲಸ ನಿಯಮದಿಂದ ಆಗುವುದಿಲ್ಲ. ಅರ್ಜಿಯನ್ನು ಗಡುವಿನೊಳಗೆ ತುಂಬಿರಬೇಕು, ಹಾಜರಾತಿಯ ಕೊರತೆಗೆ ವೈದ್ಯರ ಕಾಗದ ಜೋಡಿಸಿರಬೇಕು, ಔಷಧದ ಕೋರ್ಸ್ ಮುಗಿಸಿರಬೇಕು, ಊಟ ನಿದ್ದೆ ಮರಳುವವರೆಗೆ ಓದಿಗೆ ಒತ್ತಾಯ ಮಾಡಬಾರದು, ಕೈಗೆ ಬರೆಯುವ ರೂಢಿ ಮಾಡಿಸಬೇಕು. ಪರೀಕ್ಷೆ-2 ಬರೆಯುವ ಮಗುವನ್ನು ಫೇಲಾದವರೆಂದು ಕರೆಯದಿರುವುದು ಮನೆಯವರ ಮತ್ತು ನೆರೆಯವರ ಕೈಯಲ್ಲಿದೆ. ಇವಿಷ್ಟು ಆದರೆ ಜ್ವರದಲ್ಲಿ ಹೋದ ದಿನಗಳಿಗೆ ಒಂದು ವರ್ಷವನ್ನು ತೆರಬೇಕಾದ ಅಗತ್ಯ ಬರುವುದಿಲ್ಲ.